ಬಿ ಅಂದರೆ ಬಿಡುವು

ಆ ಹುಡುಗಿ ಸಾಲು ಬಿಟ್ಟು ಯಾಕೆ ಹೋದಳು?

ಬೆಳಿಗ್ಗೆ ಹಲ್ಲುಜ್ಜುವಾಗ ಎದ್ದ ಪ್ರಶ್ನೆ ಇದು. ಸ್ನಾನವಾಯಿತು, ತಲೆ ಬಾಚಿ ಗಂಟು ಸುತ್ತಿ ಪಿನ್ನು ಚುಚ್ಚಿದ್ದಾಯಿತು, ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದದ್ದೂ ಆಯಿತು. ಪ್ರಶ್ನೆ ಮಾತ್ರ ನರ್ಸಮ್ಮನ ತಲೆಯಿಂದ ಇಳಿಯಲಿಲ್ಲ. ಹಾಲು ಒರೆಸುವಾಗಲೂ ಅದೇ, ಒರೆಸಿದ ಬಟ್ಟೆ ಹಿಂಡುವಾಗಲೂ ಅದೇ.

ನಡೆದದ್ದು ಇಷ್ಟು. ಹಿಂದಿನ ದಿನ, ಗುರುವಾರ ಮಧ್ಯಾಹ್ನ, ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ವಿದ್ಯಾರ್ಥಿಗಳಿಗೆ ಫ್ಲೂ ಲಸಿಕೆ ಹಾಕುತ್ತಿದ್ದರು. ಸೂಜಿ ಕೋಣೆಯ ಪರದೆ ಒಂದು ಗೇಣಿನಷ್ಟು ಸರಿದಿತ್ತು. ಆ ಸಂದಿಯಲ್ಲಿ ಹೊರಗಿನ ಸಾಲಿನ ಒಂದು ತುಂಡು ಕಾಣುತ್ತಿತ್ತು. ಆ ತುಂಡಿನಲ್ಲಿ ಒಬ್ಬ ಹುಡುಗಿ, ಎದೆಗೆ ಬಟ್ಟೆ ಕಟ್ಟಿ ಅದರೊಳಗೆ ಮಗುವನ್ನು ಇಟ್ಟುಕೊಂಡವಳು, ಒಂದು ಅಂಗೈಯನ್ನು ಮಗುವಿನ ತಲೆಯ ಹಿಂದೆ ಒತ್ತಾಗಿ ಹಿಡಿದು ನಿಂತಿದ್ದಳು. ಕತ್ತು ಇನ್ನೂ ನಿಂತಿಲ್ಲ, ಮೂರು ತಿಂಗಳು, ಹೆಚ್ಚೆಂದರೆ ಮೂರೂವರೆ ಎಂದು ನರ್ಸಮ್ಮ ಕಣ್ಣಳತೆಯಲ್ಲೇ ಅಂದುಕೊಂಡರು. ಮುಂದೆ ಇನ್ನು ಐದು ಜನ. ಐದು ತೋಳು ಮುಗಿಸಿ "ಮುಂದಿನವರು" ಎಂದು ಕರೆದರೆ ಒಳಗೆ ಬಂದವನು ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ಆಟಗಾರ.

"ಮಗು ಎತ್ಕೊಂಡಿದ್ಲಲ್ಲ, ಅವಳೆಲ್ಲಿ?"

"ಹೋದ್ರು ಅನ್ಸುತ್ತೆ ಸಿಸ್ಟರ್."

"ಎಲ್ಲಿಗೆ?"

"ಆ ಕಡೆಗೆ," ಎಂದು ಅವನು ಗದ್ದ ಚಾಚಿ ತೋರಿಸಿದ. ಅವನ ಹಿಂದೆ ಇನ್ನೂ ಮೂವತ್ತು ಜನ ಅಂಗಿಯ ತೋಳು ಮಡಚಿ ನಿಂತಿದ್ದರು. ನರ್ಸಮ್ಮ ಏಳಲಿಲ್ಲ. ಆಗ ಏಳಲಿಲ್ಲ ಎನ್ನುವುದೇ ಈಗ ಕಲ್ಲಿನಂತೆ ಕೂತಿದೆ.

ಯಾಕೆಂದರೆ ಆರು ತಿಂಗಳು ತುಂಬದ ಮಗುವಿಗೆ ಈ ಲಸಿಕೆ ಹಾಕುವಂತಿಲ್ಲ. ಅದರ ಸುತ್ತ ಇರುವವರು ಹಾಕಿಸಿಕೊಳ್ಳಬೇಕು, ಅಷ್ಟೇ. ಅಮ್ಮನೇ ಅದಕ್ಕೆ ಗೋಡೆ. ಆ ಗೋಡೆ ಸಾಲಿನವರೆಗೂ ಬಂದು ಹಿಂದಕ್ಕೆ ಹೋಗಿದೆ. ಬಸ್ಸಿನಲ್ಲಿ ಯಾರೋ ಕೆಮ್ಮಿದರೆ? ಅಮ್ಮನಿಗೆ ತಗುಲಿದರೆ? ಅಮ್ಮ ಮುತ್ತಿಟ್ಟರೆ? ಮುತ್ತಿಡಬೇಡ ಎಂದು ಯಾವ ತಾಯಿಗೆ ಹೇಳಲಾಗುತ್ತದೆ? ಶೀತ ಎದೆಗಿಳಿದರೆ ಆ ಗಾತ್ರದ ಎದೆಯಲ್ಲಿ ಜಾಗವಾದರೂ ಎಷ್ಟಿದೆ?

"ಏನೇ ಅದು, ಒರೆಸಿದ್ದನ್ನೇ ಒರೆಸ್ತಿದೀಯ?" ಎಂದರು ಗಂಡ. ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಗಡಿಯಾರ ರಿಪೇರಿ ಮಾಡುವವರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ತಿರುಗಿ ನೋಡಿದರು.

ನರ್ಸಮ್ಮ ಹೇಳಿದರು. ಗಂಡ ಕೇಳಿಸಿಕೊಂಡರು.

"ನಿನ್ನ ಮುಳ್ಳು ಎಲ್ಲೋ ಸಿಕ್ಕಾಕ್ಕೊಂಡಿದೆ. ಒಂದೇ ಕಡೆ ಟಕ್ ಟಕ್ ಅಂತಿದೆ."

"ತಮಾಷೆ ಬೇಡ."

"ತಮಾಷೆ ಅಲ್ಲ ಕಣೆ. ಮುಳ್ಳು ಸಿಕ್ಕಾಕ್ಕೊಂಡ್ರೆ ಗಡಿಯಾರ ಅಲ್ಲಾಡ್ಸಬಾರ್ದು. ಬಿಚ್ಚಿ ನೋಡ್ಬೇಕು. ಹೋಗಿ ಕೇಳು, ಯಾಕೆ ಹೋದ್ಲು ಅಂತ."

ಕೇಳಬೇಕು, ನಿಜ. ಯಾರನ್ನು?

ನರ್ಸಮ್ಮ ಆ ಕೇಂದ್ರಕ್ಕೆ ಬಂದು ಇಪ್ಪತ್ತಾರು ವರ್ಷ. ಗ್ರಂಥಾಲಯದ ಹಿಂದೆ, ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದ ಆಚೆ, ಎರಡು ಕೋಣೆ, ಒಂದು ಓಣಿ, ಒಂದು ಕೈತೊಳೆಯುವ ಬೋಗುಣಿ. ಬೋಗುಣಿಯ ನಲ್ಲಿ ಎಡಕ್ಕೆ ತಿರುಗಿಸಿದರೆ ನಿಲ್ಲುತ್ತದೆ, ಬಲಕ್ಕೆ ತಿರುಗಿಸಿದರೆ ಹಾಡುತ್ತದೆ. ಡಾಕ್ಟರು ವಾರಕ್ಕೆ ಮೂರು ದಿನ ಬರುತ್ತಾರೆ. ಉಳಿದ ದಿನಗಳಲ್ಲಿ ತಲೆನೋವು, ಹೊಟ್ಟೆನೋವು, ಆಟದಲ್ಲಿ ತಿರುಚಿದ ಕಾಲು, ಪರೀಕ್ಷೆಯ ಹಿಂದಿನ ದಿನವೇ ಬರುವ ಜ್ವರ, ಯಾವ ಹೆಸರೂ ಇಲ್ಲದ ಅಳು, ಎಲ್ಲದಕ್ಕೂ ನರ್ಸಮ್ಮನೇ. ವಿದ್ಯಾರ್ಥಿಗಳು ಎದುರಿಗೆ ಸಿಸ್ಟರ್ ಎನ್ನುತ್ತಾರೆ, ಹಿಂದಿನಿಂದ "ಬರೆಯೋ ಕೈ" ಎನ್ನುತ್ತಾರೆ. ಸೂಜಿ ಎತ್ತುವ ಮೊದಲು ಅವರು ಕೇಳುವುದು ಅದೊಂದೇ: ಬರೆಯೋ ಕೈ ಯಾವುದು? ಬಲ ಎಂದರೆ ಎಡತೋಳು, ಎಡ ಎಂದರೆ ಬಲತೋಳು. ನಾಳೆ ತೋಳು ನೋಯುತ್ತದೆ, ಅದರಿಂದ ಯಾರ ಉತ್ತರವೂ ಅರ್ಧಕ್ಕೆ ನಿಲ್ಲಬಾರದು ಎಂಬುದು ಅವರ ಲೆಕ್ಕಾಚಾರ. ಒಮ್ಮೆ ಚಿತ್ರಕಲೆಯವನೊಬ್ಬ ಎರಡೂ ಕೈ ಎಂದಾಗ ಐದು ನಿಮಿಷ ಯೋಚಿಸಿ, ಕೊನೆಗೆ "ಯಾವ ಕೈಲಿ ಬೈಸ್ಕೊಳ್ಳೋ ಹಾಗೆ ಬರೀತೀಯೋ ಅದನ್ನ ಕೊಡು" ಎಂದಿದ್ದರು.

ಇನ್ನೊಂದು ಅವರ ಪುಸ್ತಕ. ಹಸಿರು ರಟ್ಟಿನ, ಉದ್ದನೆಯ ಪುಸ್ತಕ. ಪ್ರತಿ ವರ್ಷ ಆಡಳಿತ ಕಚೇರಿಯಿಂದ ವಿದ್ಯಾರ್ಥಿಗಳ ಪಟ್ಟಿ ಕಂಪ್ಯೂಟರಿನಲ್ಲಿ ಬರುತ್ತದೆ, ಅದು ನಂಬರಿನ ಸಾಲಿನಲ್ಲಿರುತ್ತದೆ. ನಂಬರು ಕೇಳಿದರೆ ಹುಡುಗರು ಚೀಲ ತಡಕುತ್ತಾರೆ, ಹೆಸರು ಕೇಳಿದರೆ ಥಟ್ಟನೆ ಹೇಳುತ್ತಾರೆ. ಹಾಗಾಗಿ ನರ್ಸಮ್ಮ ಇಡೀ ಪಟ್ಟಿಯನ್ನು ಅಕಾರಾದಿಯಾಗಿ ಕೈಯಲ್ಲಿ ಬರೆದಿಡುತ್ತಾರೆ. ಹೆಸರಿನ ಮುಂದೆ ಫೋನ್ ನಂಬರು, ಅದರ ಮುಂದೆ ಕೆಂಪು ಶಾಯಿಯಲ್ಲಿ ಒಂದು ಅಕ್ಷರ. ಪೂ ಅಂದರೆ ಪೂರ್ಣಾವಧಿ. ಸಂ ಅಂದರೆ ಸಂಜೆ ತರಗತಿ. ಬಿ ಅಂದರೆ ಬಿಡುವು: ಕಾಯಿಲೆಗೋ ಹೆರಿಗೆಗೋ ವಿಶ್ವವಿದ್ಯಾಲಯದ ಒಪ್ಪಿಗೆ ಪಡೆದು ಕೆಲವು ತಿಂಗಳು ಓದು ನಿಲ್ಲಿಸಿದವರು. ಕಂಪ್ಯೂಟರಿಗಿಂತ ನನ್ನ ಪುಸ್ತಕ ಬೇಗ ಎಂದು ನರ್ಸಮ್ಮ ಎಲ್ಲರಿಗೂ ಹೇಳುತ್ತಿದ್ದರು. ನಿಜವೂ ಆಗಿತ್ತು.

ಈ ವರ್ಷ ಸಾವಿರದ ಇನ್ನೂರು ಲಸಿಕೆ ಬೇಕು ಎಂದು ಬರೆದಿದ್ದರು. ಬಂದದ್ದು ನಾನೂರು. ಊರಿನ ಔಷಧಿ ಅಂಗಡಿಗಳಲ್ಲೂ ಇಲ್ಲ, ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದರು. ಹಾಗಾಗಿ ಸುತ್ತೋಲೆ ಬಂತು: ಸೋಮವಾರದಿಂದ ಶುಕ್ರವಾರ ಸಂಜೆ ಐದರವರೆಗೆ, ಹಾಲಿ ವಿದ್ಯಾರ್ಥಿಗಳಿಗೆ ಮಾತ್ರ, ಬಿಡುವಿನಲ್ಲಿರುವವರೂ ಸೇರಿ. ಆಸ್ತಮಾ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು, ಬಸುರಿಯರು, ಮನೆಯಲ್ಲಿ ಹಸುಗೂಸು ಇರುವವರು ಮೊದಲು, ಉಳಿದದ್ದು ಉಳಿದವರಿಗೆ. ಐದು ಗಂಟೆಗೆ ತಂಪುಪೆಟ್ಟಿಗೆಯ ಗಾಡಿ ಬಂದು, ಮಿಕ್ಕಿದ್ದೇನಾದರೂ ಇದ್ದರೆ ಒಯ್ಯುತ್ತದೆ. ಓಣಿಯ ತುದಿಯ ಮೇಜಿನಲ್ಲಿ ಕೂತು ಗುರುತಿನ ಚೀಟಿ ನೋಡಲು, ಪರೀಕ್ಷಾ ವಿಭಾಗದಿಂದ ಒಬ್ಬ ಗುಮಾಸ್ತರನ್ನು ಒಂದು ವಾರದ ಮಟ್ಟಿಗೆ ಕಳಿಸಿದ್ದರು. ಕನ್ನಡಕಕ್ಕೆ ದಾರ ಕಟ್ಟಿಕೊಂಡ, ಗೆರೆ ಹಾಕದೆ ಒಂದು ಸಾಲನ್ನೂ ಬರೆಯದ ಮನುಷ್ಯ. ನರ್ಸಮ್ಮ ಹೆಮ್ಮೆಯಿಂದ ಹಸಿರು ಪುಸ್ತಕವನ್ನು ಅವರ ಕೈಗೆ ಕೊಟ್ಟಿದ್ದರು.

ಇಂದು ಶುಕ್ರವಾರ. ಕಡೆಯ ದಿನ.

ಒಂಬತ್ತಕ್ಕೆ ಬಾಗಿಲು ತೆಗೆಯುವಾಗಲೇ ಸಾಲು ಸೈಕಲ್ ಚಪ್ಪರ ಮುಟ್ಟಿತ್ತು. ಪೆಟ್ಟಿಗೆಯಲ್ಲಿ ಉಳಿದದ್ದು ಅರವತ್ತೆರಡು. ನರ್ಸಮ್ಮ ಪ್ರತಿ ಸಲ ಪರದೆ ಸರಿಸಿದಾಗಲೂ ಒಮ್ಮೆ ಹೊರಗೆ ನೋಡಿದರು. ಎದೆಗೆ ಬಟ್ಟೆ ಕಟ್ಟಿದ ಯಾರೂ ಇರಲಿಲ್ಲ.

"ಸಿಸ್ಟರ್, ಇದು ಹಾಕಿಸ್ಕೊಂಡ್ರೆ ಫ್ಲೂನೇ ಬರುತ್ತಂತಲ್ಲ?"

"ಬರಲ್ಲ. ಇದರಲ್ಲಿರೋದು ಸತ್ತಿರೋ ವೈರಸ್ಸು. ಸತ್ತವರು ಎದ್ದು ಬಂದು ಕಾಟ ಕೊಡೋದು ಕತೇಲಿ ಮಾತ್ರ. ಬರೆಯೋ ಕೈ ಯಾವುದು?"

"ಹೋದ ವರ್ಷ ಹಾಕಿಸ್ಕೊಂಡಿದ್ದೆ. ಮತ್ತೆ ಬೇಕಾ?"

"ಹೋದ ವರ್ಷದ ಪಾಠ ಓದಿ ಈ ವರ್ಷದ ಪರೀಕ್ಷೆ ಬರೀತೀಯಾ? ವೈರಸ್ಸೂ ಸಿಲಬಸ್ ಬದಲಾಯಿಸುತ್ತೆ."

"ಇವತ್ತೇ ಕೆಲಸ ಮಾಡುತ್ತಾ? ನಾಳೆ ಪ್ರವಾಸ ಇದೆ."

"ಎರಡು ವಾರ ಬೇಕು. ಅಲ್ಲೀವರೆಗೆ ಕೆಮ್ಮೋರ ಪಕ್ಕ ಕೂರ್ಬೇಡ. ತೋಳು ಸಡಿಲ ಬಿಡು, ನಾನೇನು ಕಿತ್ಕೊಳ್ಳಲ್ಲ."

ಮಾತು ಬಾಯಿಗೆ ತಾನೇ ಬರುತ್ತಿತ್ತು, ಕೈ ತಾನೇ ಓಡುತ್ತಿತ್ತು. ಮುಳ್ಳು ಮಾತ್ರ ಅಲ್ಲೇ ಇತ್ತು, ಟಕ್ ಟಕ್.

ಹನ್ನೊಂದಕ್ಕೆ ಹತ್ತು ನಿಮಿಷ ಚಹಾ. ನರ್ಸಮ್ಮ ಲೋಟ ಹಿಡಿದು ಗುಮಾಸ್ತರ ಮೇಜಿನ ಬಳಿ ಹೋದರು.

"ನಿನ್ನೆ ಮಧ್ಯಾಹ್ನ ಮಗು ಎತ್ಕೊಂಡು ಒಬ್ಬಳು ಬಂದಿದ್ಲಲ್ಲ, ಯಾಕೆ ಹೋದ್ಲು ಗೊತ್ತಾ ನಿಮಗೆ?"

"ಓ, ಅವರಾ? ನಾನೇ ಕಳಿಸ್ದೆ."

"ಯಾಕೆ?"

"ಅರ್ಹತೆ ಇರ್ಲಿಲ್ಲ."

"ಕತ್ತು ನಿಲ್ಲದ ಮಗು ಎದೆ ಮೇಲಿದೆ. ಇನ್ನೆಂಥ ಅರ್ಹತೆ ಬೇಕ್ರೀ?"

"ಮಗು ಇದ್ರೆ ಆಯ್ತಾ ಸಿಸ್ಟರ್? ವಿದ್ಯಾರ್ಥಿ ಆಗಿರ್ಬೇಕಲ್ಲ. ಅವರು ಬಿಟ್ಟವರು."

"ಯಾರನ್ನ ಬಿಟ್ಟವರು? ಗಂಡನ್ನಾ?"

"ಅಯ್ಯೋ, ಓದನ್ನ! ಓದು ಬಿಟ್ಟವರು. ಬನ್ನಿ, ಇಲ್ಲೇ ಇದೆ ನೋಡಿ." ಗುಮಾಸ್ತರು ಹಸಿರು ಪುಸ್ತಕ ತೆರೆದು, ಅಳತೆಪಟ್ಟಿಯನ್ನು ಒಂದು ಹೆಸರಿನ ಕೆಳಗೆ ನೇರವಾಗಿ ಇಟ್ಟರು. ಹೆಸರು, ಫೋನ್ ನಂಬರು, ಅದರ ಮುಂದೆ ಕೆಂಪು ಶಾಯಿಯಲ್ಲಿ ಗುಂಡಗಿನ ಬಿ.

ನರ್ಸಮ್ಮ ಆ ಅಕ್ಷರವನ್ನು ನೋಡಿದರು. ಬೇರೆಯವರ ಮುಖ ನೋಡುವ ಹಾಗೆ ನೋಡಿದರು.

"ರೀ, ಬಿ ಅಂದ್ರೆ ಬಿಡುವು ಕಣ್ರೀ."

"ಬಿಡುವಾ?" ಗುಮಾಸ್ತರ ಕನ್ನಡಕ ಮೂಗಿನ ತುದಿಗಿಳಿಯಿತು. "ನಮ್ಮ ಪರೀಕ್ಷಾ ವಿಭಾಗದಲ್ಲಿ ಬಿ ಅಂದ್ರೆ ಬಿಟ್ಟವರು. ನಾನು ಸೇರಿದಾಗಿಂದ ಹಾಗೇ."

"ಬಿಟ್ಟವರ ಹೆಸರು ಈ ಪುಸ್ತಕಕ್ಕೇ ಬರಲ್ಲ. ಬಿಟ್ಟವರನ್ನ ನಾನು ಬರೆಯೋದೇ ಇಲ್ಲ."

"ಅದು ನನಗೆ ಹೇಗೆ ಗೊತ್ತಾಗ್ಬೇಕು ಸಿಸ್ಟರ್?"

ಗೊತ್ತಾಗುವ ಹಾಗಿರಲಿಲ್ಲ. ಪುಸ್ತಕದ ಮೊದಲ ಪುಟದಲ್ಲಾಗಲಿ ಕೊನೆಯ ಪುಟದಲ್ಲಾಗಲಿ ಯಾವ ಅಕ್ಷರಕ್ಕೆ ಏನರ್ಥ ಎಂದು ಎಲ್ಲೂ ಬರೆದಿರಲಿಲ್ಲ. ಪುಸ್ತಕ ಓದುವವರು ತಾವೊಬ್ಬರೇ ಎಂದುಕೊಂಡೇ ಇಷ್ಟು ವರ್ಷ ಬರೆದಿದ್ದರು.

"ಅವಳಿಗೆ ಏನಂತ ಹೇಳಿದ್ರಿ?"

"ಮೆತ್ತಗೇ ಹೇಳ್ದೆ. ನೀವು ಬಿಟ್ಟವರ ಪಟ್ಟೀಲಿದೀರಮ್ಮ, ಇದು ಹಾಲಿ ವಿದ್ಯಾರ್ಥಿಗಳಿಗೆ ಮಾತ್ರ ಅಂತ. ಜಗಳ ಏನೂ ಆಡ್ಲಿಲ್ಲ ಪಾಪ. ಹೌದಾ ಅಂದ್ರು." ಗುಮಾಸ್ತರು ಅಳತೆಪಟ್ಟಿಯನ್ನು ತೆಗೆದು ಮತ್ತೆ ಅಲ್ಲೇ ಇಟ್ಟರು. "ಆಮೇಲೆ, ಯಾವಾಗಿಂದ ಅಂತ ಕೇಳಿದ್ರು."

"ಯಾವಾಗಿಂದ ಅಂದ್ಲಾ?"

"ಹೂಂ. ನನಗೇನ್ ಗೊತ್ತಮ್ಮ, ಪಟ್ಟೀಲಿದೆ ಅಂದೆ."

ಚಹಾದ ಮೇಲೆ ಕೆನೆ ಕಟ್ಟಿತ್ತು. ನರ್ಸಮ್ಮ ಲೋಟವನ್ನು ಹಾಗೇ ಮೇಜಿನ ಮೇಲಿಟ್ಟು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಇಡೀ ಪುಸ್ತಕದಲ್ಲಿ ಒಂಬತ್ತು ಬಿ. ಉಳಿದ ಎಂಟು ಜನರಲ್ಲಿ ಯಾರೂ ಮೇಜಿನವರೆಗೆ ಬಂದಿಲ್ಲ ಎಂದು ಗುಮಾಸ್ತರು ಪ್ರಮಾಣ ಮಾಡಿದರು. ಆದರೂ ನರ್ಸಮ್ಮ ಕೆಂಪು ಪೆನ್ನು ತೆಗೆದು ಒಂಬತ್ತೂ ಕಡೆ ಬಿ ಪಕ್ಕದಲ್ಲಿ "ಡುವು" ಎಂದು ಸೇರಿಸಿದರು. ಜಾಗ ಸಾಲದೆ ಕೆಲವು ಕಡೆ ಅಕ್ಷರ ಅಂಚಿನಾಚೆ ಜಾರಿತು. ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ, ಒಂದಕ್ಷರವನ್ನೂ ಮೊಟಕು ಮಾಡದೆ, ಓದಿನ ಬಿಡುವಿನಲ್ಲಿರುವವರೂ ಲಸಿಕೆಗೆ ಅರ್ಹರು ಎಂದು ಬರೆದು ಬಾಗಿಲಿಗೆ ಅಂಟಿಸಿದರು. ಅದನ್ನು ಓದಬೇಕಾದವಳು ಊರಿನ ಆಚೆ ತುದಿಯಲ್ಲಿದ್ದಳು.

ಊಟದ ಹೊತ್ತಿನಲ್ಲಿ ಡಬ್ಬಿ ತೆರೆಯದೆ, ಆ ಹುಡುಗಿ ಓದುವ ಭೂಗೋಳ ವಿಭಾಗಕ್ಕೆ ನಡೆದರು. ಕೈಯಲ್ಲಿ ಒಂದು ಚೀಟಿ. ಯಾರನ್ನೇ ಕರೆಸಬೇಕಾದರೂ ನರ್ಸಮ್ಮನ ದಾರಿ ಚೀಟಿ. "ಆರೋಗ್ಯ ಕೇಂದ್ರಕ್ಕೆ ಬಂದು ಕಾಣುವುದು. ಗಾಬರಿ ಬೇಡ" ಎಂದು ಬರೆದು, ವಿಭಾಗದಲ್ಲೋ ಹಾಸ್ಟೆಲಿನಲ್ಲೋ ಕೊಟ್ಟು ಬರುವುದು. ಗಾಬರಿ ಬೇಡ ಎನ್ನುವುದರ ಕೆಳಗೆ ಯಾವಾಗಲೂ ಎರಡು ಗೆರೆ.

ವಿಭಾಗದ ಟೈಪಿಸ್ಟ್ ಅಕ್ಕ ಚೀಟಿ ಓದಿ ಹಿಂದಕ್ಕೆ ಕೊಟ್ಟಳು.

"ಅವಳು ಹೆರಿಗೆ ಬಿಡುವಲ್ಲಿದಾಳಲ್ಲ ಸಿಸ್ಟರ್, ಇಲ್ಲಿಗೆ ಬರೋದೇ ಅಪರೂಪ. ನಿನ್ನೆ ಬಂದಿದ್ಲು, ಮಗೂನ ತೋರ್ಸೋಕೆ. ಏನ್ ಚಂದ ಇದೆ ಅಂತೀರಿ, ನನ್ನ ಬೆರಳು ಹಿಡ್ಕೊಂಡು ಬಿಡ್ಲೇ ಇಲ್ಲ. ಸೂಜಿ ಚುಚ್ಚಿಸ್ಕೊಂಡ್ ಬರ್ತೀನಿ ಅಕ್ಕಾ ಅಂತ ನಗ್ತಾ ಹೋದ್ಲು. ವಾಪಸ್ ಬರ್ತಾಳೆ ಅಂತ ಕಾದೆ. ಬರ್ಲಿಲ್ಲ."

"ಮತ್ತೆ ಯಾವಾಗ ಬರ್ತಾಳೆ?"

"ಬಿಡುವು ಮುಗಿದ್ಮೇಲೆ. ಇನ್ನೂ ನಾಲ್ಕು ತಿಂಗಳು."

"ಲಸಿಕೆ ಇವತ್ತು ಐದು ಗಂಟೆಗೆ ಮುಗಿಯುತ್ತೆ."

"ಹಾಗಾದ್ರೆ ಫೋನ್ ಮಾಡಿ! ನಂಬರ್ ಇಲ್ವಾ?"

"ಇದೆ."

"ಮತ್ತೆ? ಫೋನೇನು ಕಚ್ಚುತ್ತಾ ಸಿಸ್ಟರ್?"

ಕಚ್ಚುತ್ತದೆ. ನರ್ಸಮ್ಮನಿಗೆ ಒಮ್ಮೆ ಕಚ್ಚಿತ್ತು.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಬ್ಬ ವಿದ್ಯಾರ್ಥಿ ಕಣ್ಣಿಗೆ ಹನಿ ಹಾಕಿಸಿಕೊಳ್ಳಲು ಬಂದು ಕನ್ನಡಕ ಮರೆತು ಹೋದ. ಮಾರನೆಯ ದಿನ ಅವನಿಗೆ ಪರೀಕ್ಷೆ. ಅಯ್ಯೋ ಎಂದು ಅವನ ಮನೆಗೆ ಫೋನು ಮಾಡಿದರು. "ನಾನು ಆರೋಗ್ಯ ಕೇಂದ್ರದಿಂದ ಮಾತಾಡ್ತಿದೀನಿ, ನಿಮ್ಮ ಮಗ..." ಅಷ್ಟೇ ಹೇಳಿದ್ದು. ಆ ಕಡೆ ಫೋನು ನೆಲಕ್ಕೆ ಬಿದ್ದ ಸದ್ದು. ಅದರ ಹಿಂದೆಯೇ ಒಬ್ಬ ತಾಯಿಯ ಗಂಟಲಿನಿಂದ ಹೊರಟದ್ದು ಅಳುವಲ್ಲ, ಕೂಗೂ ಅಲ್ಲ. ಈ ಕಡೆಯಿಂದ ನರ್ಸಮ್ಮ "ಕನ್ನಡಕ! ಬರೀ ಕನ್ನಡಕ ಅಮ್ಮಾ!" ಎಂದು ಕಿರುಚಿದ್ದೇ ಬಂತು, ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಮಾರನೆಯ ದಿನ ಆ ತಾಯಿ ಮಗನ ಜೊತೆ ಕೇಂದ್ರಕ್ಕೇ ಬಂದರು. "ನನ್ನದೇ ತಪ್ಪು ಕಣಮ್ಮ, ಪೂರ್ತಿ ಕೇಳ್ಬೇಕಿತ್ತು" ಎಂದು ನಕ್ಕರು. ನಗುವಾಗಲೂ ಮಗನ ತೋಳು ಬಿಡಲಿಲ್ಲ. ಅಂದಿನಿಂದ ಚೀಟಿ.

ಈಗ ಹೊಸ ತಾಯಿ, ಪಕ್ಕದಲ್ಲಿ ಹಸುಗೂಸು, ಮಧ್ಯಾಹ್ನದ ಹೊತ್ತಿಗೆ ಆರೋಗ್ಯ ಕೇಂದ್ರದ ಫೋನು. ಅವಳ ಎದೆ ಎಷ್ಟು ಸಲ ನಿಂತು ಹೊಡೆದೀತು! ವಾಪಸು ನಡೆಯುತ್ತ ನರ್ಸಮ್ಮ ತಮಗೆ ತಾವೇ ಹೀಗೆ ಹೇಳಿಕೊಂಡರು. ಗ್ರಂಥಾಲಯದ ತಿರುವಿಗೆ ಬರುವಷ್ಟರಲ್ಲಿ ಅದು ಅರ್ಧ ನಿಜ ಮಾತ್ರ ಎಂದು ಗೊತ್ತಾಯಿತು. ಉಳಿದರ್ಧ ನಾಚಿಕೆ. ನನ್ನ ಪುಸ್ತಕ, ನನ್ನ ಅಕ್ಷರ, ನನ್ನ ಸೋಮಾರಿತನ, ನೀನು ಅಳುತ್ತ ಮನೆಗೆ ಹೋದೆಯಾ ಮಗು ಎಂದು ಕೇಳಬೇಕಲ್ಲ. ಕೇಳಿದರೆ ಹೌದು ಎನ್ನುತ್ತಾಳಲ್ಲ.

ಮಧ್ಯಾಹ್ನ ಸಾಲು ಇನ್ನೂ ಉದ್ದವಾಯಿತು, ಪೆಟ್ಟಿಗೆ ಖಾಲಿಯಾಗುತ್ತ ಬಂತು. ಹದಿನೆಂಟು, ಹನ್ನೆರಡು, ಏಳು. ಮೂರೂವರೆಗೆ ಒಬ್ಬ ಪ್ರೊಫೆಸರು ಸಾಲು ದಾಟಿ ನೇರ ಪರದೆಯೊಳಗೆ ಬಂದು ಅಂಗಿಯ ತೋಳು ಮಡಚಿದರು.

"ಸರ್, ಇದು ವಿದ್ಯಾರ್ಥಿಗಳಿಗೆ."

"ನಾನೂ ವಿದ್ಯಾರ್ಥಿನೇ ಸಿಸ್ಟರ್. ಜೀವನ ಪೂರ್ತಿ ಕಲೀತಾನೇ ಇದೀನಿ."

"ಗುರುತಿನ ಚೀಟಿ ತೋರ್ಸಿ."

"ಛೆ ಛೆ, ಕಲಿಯೋದಕ್ಕೆ ಚೀಟಿ ಬೇಕಾ?"

"ಕಲಿಯೋದಕ್ಕೆ ಬೇಡ ಸರ್, ಚುಚ್ಚಿಸ್ಕೊಳ್ಳೋದಕ್ಕೆ ಬೇಕು. ನೌಕರರದು ಮುಂದಿನ ತಿಂಗಳು ಬರುತ್ತೆ. ಅಲ್ಲೀವರೆಗೆ ಕಲೀತಿರಿ."

ಸಾಲಿನಲ್ಲಿ ನಗು ಎದ್ದಿತು. ಪ್ರೊಫೆಸರೂ ನಕ್ಕು ತೋಳಿಳಿಸಿಕೊಂಡು ಹೋದರು. ನರ್ಸಮ್ಮನಿಗೆ ಮಾತ್ರ ಆಡಿದ ಮಾತು ತಿರುಗಿ ನಾಟಿತು. ಇವರಿಗಿಲ್ಲದ ಚೀಟಿ ಅವಳಲ್ಲಿತ್ತಲ್ಲ.

ನಾಲ್ಕು ಗಂಟೆಗೆ ಎರಡು ಉಳಿಯಿತು, ಸಾಲಿನ ಬಹುಪಾಲು ಜನ ಮುಂದಿನ ತಿಂಗಳಿಗೆ ಹೆಸರು ಬರೆಸಿ ಹೋಗಿದ್ದರು. ಇನ್‌ಹೇಲರ್ ಕೈಯಲ್ಲೇ ಹಿಡಿದು ಏದುಸಿರು ಬಿಡುತ್ತ ಓಡಿಬಂದ ಹುಡುಗಿಯೊಬ್ಬಳಿಗೆ ಒಂದು ಹೋಯಿತು. ಇನ್ನೊಂದನ್ನು ನರ್ಸಮ್ಮ ತಂಪುಪೆಟ್ಟಿಗೆಯ ಮೂಲೆಗೆ ಸರಿಸಿ ಮುಚ್ಚಳ ಹಾಕಿದರು.

ಗುಮಾಸ್ತರು ಪರದೆಯಾಚೆಯಿಂದ ಇಣುಕಿದರು. "ಸಿಸ್ಟರ್, ಕಡೇದು ಯಾರ ಹೆಸರಿಗೆ ಬರೀಲಿ?"

"ತಡೀರಿ."

"ಇಲ್ಲೊಬ್ಬರು ನಿಂತಿದಾರೆ. ಕೊನೇ ವರ್ಷದ ಓದು."

ಕೊನೆಯ ವರ್ಷದವಳು ಒಳಗೆ ಬಂದಳು. ಗಟ್ಟಿಮುಟ್ಟಾದ, ಕೆನ್ನೆ ತುಂಬಿದ ಹುಡುಗಿ. "ಒಂದಿದೆ ಅಂದ್ರು. ನಾನು ಒಂದು ಗಂಟೆಯಿಂದ ನಿಂತಿದೀನಿ ಸಿಸ್ಟರ್."

"ಆಸ್ತಮಾ, ಸಕ್ಕರೆ, ಏನಾದ್ರೂ ಇದ್ಯಾ? ಮನೇಲಿ ಮಗು?"

"ಏನೂ ಇಲ್ಲ. ಇರ್ಬೇಕಾ?"

"ಇರ್ಬಾರ್ದು ಕಣಮ್ಮ," ಎಂದರು ನರ್ಸಮ್ಮ. "ಒಬ್ಬಳಿದಾಳೆ, ಮೂರು ತಿಂಗಳ ಕೂಸು ಇರೋಳು. ನಿನ್ನೆ ನಮ್ಮ ತಪ್ಪಿಂದ ವಾಪಸ್ ಹೋದ್ಲು. ಅವಳು ಬರಲ್ಲ ಅಂದ್ರೆ ನಿನಗೆ. ಬರ್ತೀನಿ ಅಂದ್ರೆ ನೀನು ಮುಂದಿನ ತಿಂಗಳು. ಆಗಬಹುದಾ?"

ಹುಡುಗಿ ಒಂದು ಕ್ಷಣ ತುಟಿ ಕಚ್ಚಿದಳು. "ಅವರು ಬರ್ತಾರೆ ಅಂತ ನಿಮಗೆ ಗೊತ್ತಾ?"

"ಇಲ್ಲ."

"ಕೇಳೇ ಇಲ್ವಾ ಇನ್ನೂ?"

ಆ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಕೇಳದೆ ಹಿಡಿದಿಟ್ಟರೆ ಇವಳಿಗೂ ಇಲ್ಲ, ಅವಳಿಗೂ ಇಲ್ಲ. ಐದಕ್ಕೆ ಗಾಡಿ ಒಯ್ಯುತ್ತದೆ. ಗೋಡೆಯ ಗಡಿಯಾರ ನಾಲ್ಕು ಗಂಟೆ ಆರು ನಿಮಿಷ ತೋರಿಸುತ್ತಿತ್ತು.

ಗುಮಾಸ್ತರು ಹಿಂದೆಯೇ ಬಂದರು. ಕನ್ನಡಕದ ದಾರವನ್ನು ಬೆರಳಿಗೆ ಸುತ್ತುತ್ತ, "ನಾನೇ ಮಾತಾಡ್ತೀನಿ ಸಿಸ್ಟರ್. ಕಳಿಸಿದ್ದು ನಾನೇ ಅಲ್ವಾ," ಎಂದರು.

"ಬೇಡ. ಅಕ್ಷರ ನಂದು."

ಹಸಿರು ಪುಸ್ತಕ ತೆರೆದು ನಂಬರನ್ನು ಒಂದೊಂದಾಗಿ ಒತ್ತಿದರು. ಗಂಟೆ ಹೊಡೆಯುತ್ತಿದ್ದಷ್ಟು ಹೊತ್ತೂ ಬಾಯೊಳಗೆ ಮೊದಲ ಮಾತು ಹುಡುಕಿದರು. ಆರೋಗ್ಯ ಕೇಂದ್ರ ಎನ್ನಬಾರದು. ಲಸಿಕೆ ಎನ್ನಬಾರದು. ನಿಮ್ಮ ಮಗು ಎಂದಂತೂ ಶುರು ಮಾಡಲೇಬಾರದು. ಐದನೆಯ ಸಲ ರಿಂಗಾದಾಗ ಆ ಕಡೆ ಎತ್ತಿದರು.

"ಹಲೋ," ಎಂದಿತು ಪಿಸುದನಿ. ಈಗಷ್ಟೇ ಮಲಗಿಸಿ, ಉಸಿರು ಬಿಗಿಹಿಡಿದು ಕೋಣೆಯಿಂದ ಹೊರಗೆ ಬಂದವರ ದನಿ ಅದು. ನರ್ಸಮ್ಮನಿಗೆ ಗುರುತು ಸಿಕ್ಕಿತು.

"ಮಲಗ್ತಾ?" ಎಂದು ತಾವೂ ಪಿಸುಗುಟ್ಟಿದರು.

"ಹೂಂ, ಈಗ ತಾನೇ. ಯಾರು?"

"ಗಾಬರಿ ಬೇಡಮ್ಮ, ಎಲ್ಲಾರೂ ಚೆನ್ನಾಗಿದಾರೆ. ನಾನು ಸೂಜಿ ಹಾಕೋ ಸಿಸ್ಟರು. ನಿನ್ನೆ ಪರದೆ ಒಳಗಿದ್ದೆ."

"ನಾನು ಬಿಟ್ಟವರ ಪಟ್ಟೀಲಿದೀನಂತೆ ಸಿಸ್ಟರ್," ಎಂದಿತು ದನಿ. ದೂರಿನಂತಿರಲಿಲ್ಲ, ಒಪ್ಪಿಕೊಂಡ ಹಾಗಿತ್ತು.

"ಇಲ್ಲಮ್ಮ. ಬಿಡುವಿನ ಪಟ್ಟೀಲಿದೀಯ. ನಾನು ಬರೀ ಬಿ ಅಂತ ಬರ್ದಿದ್ದೆ. ಪೂರ್ತಿ ಬರೆಯೋಕೆ ನನಗೆ ಸೋಮಾರಿತನ. ಅವರು ಬಿಟ್ಟವರು ಅಂತ ಓದ್ಕೊಂಡ್ರು. ಅವರ ತಪ್ಪಲ್ಲ, ನಂದು. ನೀನು ಏನೂ ಬಿಟ್ಟಿಲ್ಲ."

"ಅಂದ್ರೆ ನಾನಿನ್ನೂ..."

"ವಿದ್ಯಾರ್ಥಿನೇ. ನಿನ್ನೆನೂ ಆಗಿದ್ದೆ, ಇವತ್ತೂ ಹೌದು."

ಮೂಗು ಎಳೆದುಕೊಂಡ ಸದ್ದು. "ನನಗೂ ಹಾಗೇ ಅನ್ಸಿತ್ತು ಸಿಸ್ಟರ್, ಇನ್ನು ಓದು ಆಗಲ್ಲ ಅಂತ. ಅವರು ಹೇಳಿದ ತಕ್ಷಣ, ಓ ಇವರಿಗೂ ಗೊತ್ತಾಗಿದೆ ಅನ್ನಿಸ್ತು. ಮನೆಗೆ ಬಂದು ಲೈಬ್ರರಿ ಪುಸ್ತಕ ಎಲ್ಲಾ ಚೀಲಕ್ಕೆ ತುಂಬಿಟ್ಟಿದೀನಿ, ವಾಪಸ್ ಕೊಡೋಣ ಅಂತ."

ನರ್ಸಮ್ಮ ಕಣ್ಣು ಮುಚ್ಚಿ ತೆರೆದರು. ತಮ್ಮ ಕೆಲಸದ ಮಾತಿಗೇ ಬಂದರು. "ಜ್ವರ ಏನಾದ್ರೂ ಇದ್ಯಾ ನಿನಗೆ?"

"ಇಲ್ಲ."

"ಹಿಂದೆ ಯಾವುದಾದ್ರೂ ಲಸಿಕೆಗೆ ಮೈ ಊದಿದ್ದು, ಉಸಿರು ಕಟ್ಟಿದ್ದು?"

"ಇಲ್ಲ. ಹಾಲು ಕುಡಿಸ್ತಿದೀನಿ, ಪರವಾಗಿಲ್ವಾ?"

"ಒಳ್ಳೇದೇ. ಹಾಲಲ್ಲಿ ಅದಕ್ಕೂ ಒಂಚೂರು ಕಾವಲು ಹೋಗುತ್ತೆ. ಒಂದೇ ಒಂದು ಲಸಿಕೆ ಉಳಿದಿದೆ, ನಿನಗೇ ಅಂತ ಇಟ್ಟಿದೀನಿ. ಐದು ಗಂಟೆಗೆ ಗಾಡಿ ಬರುತ್ತೆ. ಎಷ್ಟು ದೂರ ನಿನ್ನ ಮನೆ?"

"ಬಸ್ಸಲ್ಲಿ ನಲ್ವತ್ತು ನಿಮಿಷ. ಆದ್ರೆ ಈಗ ತಾನೇ ಮಲಗಿದಾನೆ ಸಿಸ್ಟರ್. ಎಬ್ಬಿಸಿದ್ರೆ ದಾರಿ ಪೂರ್ತಿ ಅಳ್ತಾನೆ."

"ಅಳ್ಲಿ. ಬಸ್ಸಲ್ಲಿ ಕೆಮ್ಮೋರಿಗಿಂತ ಅಳೋರು ವಾಸಿ. ಯಾರೂ ಪಕ್ಕ ಕೂರಲ್ಲ."

ಆ ಕಡೆಯಿಂದ ಒಂದು ನಗು ಮೂಗಿನಲ್ಲೇ ಹೊರಟು, ಮಗು ಎಚ್ಚರಾದೀತೆಂದು ಅಲ್ಲೇ ನಿಂತಿತು. ಪರದೆಯ ಹತ್ತಿರ ನಿಂತಿದ್ದ ಕೊನೆಯ ವರ್ಷದ ಹುಡುಗಿ ಚೀಲ ಹೆಗಲಿಗೇರಿಸಿಕೊಂಡು, ಮುಂದಿನ ತಿಂಗಳ ಪಟ್ಟಿಗೆ ನನ್ನ ಹೆಸರು ಬರೆಯಿರಿ ಎಂದು ಗುಮಾಸ್ತರಿಗೆ ಕೈಸನ್ನೆ ಮಾಡಿದಳು. ಅವರು ಗೆರೆ ಹಾಕಿ ಪೂರ್ತಿ ಹೆಸರು ಬರೆದುಕೊಂಡರು.

"ನಾಲ್ಕೂ ಕಾಲಿಗೊಂದು ಬಸ್ಸಿದೆ," ಎಂದಳು ಫೋನಿನಲ್ಲಿದ್ದವಳು. ಈಗ ದನಿ ಪಿಸುಗುಟ್ಟುತ್ತಿರಲಿಲ್ಲ. "ನಿಲ್ದಾಣ ಕೆಳಗೇ ಇದೆ. ಓಡಿದ್ರೆ ಸಿಗುತ್ತೆ. ಸಿಸ್ಟರ್, ಫೋನ್ ಇಡ್ಬೇಡಿ ಒಂದು ನಿಮಿಷ. ನನಗೆ ಕೈ ಕಾಲು ಆಡ್ತಿಲ್ಲ."

"ಇಡಲ್ಲ. ಬಟ್ಟೆ ಕಟ್ಕೋ ಮೊದಲು."

"ಕಟ್ಕೊಂಡೆ."

"ಮಗೂನ ಎತ್ಕೋ."

ಒಂದು ಸಣ್ಣ ಮುಲುಕು, ಅದರ ಹಿಂದೆ ಪೂರ್ತಿ ಬಾಯಿಬಿಟ್ಟ ಅಳು ನರ್ಸಮ್ಮನ ಕಿವಿಗೇ ಬಂತು. ಗಟ್ಟಿ ಅಳು, ಎದೆ ಸ್ವಚ್ಛವಾಗಿರುವ ಮಗುವಿನ ಅಳು. ಅವರು ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡರು.

"ಗುರುತಿನ ಚೀಟಿ?"

"ಜೇಬಲ್ಲಿದೆ. ಟೋಪಿ ಸಿಗ್ತಿಲ್ಲ ಸಿಸ್ಟರ್, ಇವನ ಟೋಪಿ! ಈಗ ಇಲ್ಲೇ ಇತ್ತು."

"ಮಲಗಿಸಿದ ಜಾಗ ನೋಡು. ದಿಂಬಿನ ಕೆಳಗೆ."

"ಇಲ್ಲ."

"ನಿನ್ನ ಭುಜದ ಮೇಲೆ?"

ಅಳುವಿನ ನಡುವೆ ಒಂದು ತುಂಡು ನಗು. ಆಮೇಲೆ ಬಾಗಿಲ ಚಿಲಕ ತೆಗೆದ ಸದ್ದು, ಮೆಟ್ಟಿಲಿನ ಮೇಲೆ ಹೆಜ್ಜೆಯ ಸದ್ದು.

"ಸಿಕ್ತು, ಸಿಸ್ಟರ್. ಬಂದೆ."